ಬಸುರಿಯ ಎದೆಯುರಿ: ಸಹಜ ಅಂದ ಮಾತ್ರಕ್ಕೆ ಸಹಿಸಬೇಕಾ?

ಬಸುರಿ ಹೆಣ್ಣು ಎದೆ ಉರಿಯುತ್ತದೆ ಅಂದರೆ ನಮ್ಮ ಕಡೆ ಯಾರೂ ಗಾಬರಿಯಾಗುವುದಿಲ್ಲ. "ಮಗುವಿಗೆ ತಲೆ ತುಂಬ ಕೂದಲು ಬರ್ತಾ ಉಂಟು" ಅಂತ ನಗುತ್ತಾರೆ. "ನಮಗೂ ಇತ್ತು, ಹೆತ್ತ ಮೇಲೆ ಹೋಯಿತು" ಅನ್ನುತ್ತಾರೆ. ಎರಡೂ ಮಾತು ಪ್ರೀತಿಯಿಂದಲೇ ಬರುವುದು. ಆದರೆ ರಾತ್ರಿ ಎರಡು ಗಂಟೆಗೆ ಹಾಸಿಗೆಯಲ್ಲಿ ಎದ್ದು ಕೂತು, ಗಂಟಲಿಗೆ ಬಂದ ಹುಳಿನೀರು ನುಂಗುತ್ತಾ ಬೆಳಗಾಗುವುದನ್ನೇ ಕಾಯುವವಳಿಗೆ ಆ ಮಾತಿನಿಂದ ಏನು ಸಿಕ್ಕಿತು?

ಹೋದ ಆಟಿ ತಿಂಗಳಲ್ಲಿ ನನ್ನ ತಂಗಿ ಚೊಚ್ಚಲ ಹೆರಿಗೆಗೆ ಅಂತ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ತವರಿಗೆ ಬಂದಿದ್ದಳು. ಅವಳನ್ನು ಕೊಟ್ಟದ್ದು ಪುತ್ತೂರಿನ ಕಡೆಗೆ. ನನ್ನ ಗಂಡನ ಮನೆ ಕುಂಬಳೆ, ಹತ್ತಿರವೇ. ಹಾಗಾಗಿ ಆ ಮಳೆಗಾಲ ಹೆಚ್ಚಿನ ದಿನ ನಾನೂ ತವರಲ್ಲೇ ಇದ್ದೆ. ಅವಳ ಎದೆಯುರಿಯನ್ನು ಹತ್ತಿರದಿಂದ ನೋಡಿದೆ. ಡಾಕ್ಟರರ ಹತ್ತಿರ ಕೇಳಿ ತಿಳಿದುಕೊಂಡದ್ದು, ಓದಿ ತಿಳಿದುಕೊಂಡದ್ದು, ಅಡುಗೆಮನೆಯಲ್ಲಿ ಮಾಡಿ ನೋಡಿದ್ದು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಬಸುರಿಯರು ಓದಬೇಕು. ಅವರಿಗೆ ಅಡುಗೆ ಮಾಡಿ ಬಡಿಸುವವರು ಇನ್ನೂ ಜಾಸ್ತಿ ಓದಬೇಕು.

ಏಳು ತಿಂಗಳು ತುಂಬಿದ ಮೇಲೆ ಅವಳಿಗೆ ಉರಿ ಜೋರಾಯಿತು. "ಅಕ್ಕ, ಎದೆಯ ಒಳಗೆ ಹಸಿಮೆಣಸು ಅರೆದು ಹಚ್ಚಿದ ಹಾಗೆ ಆಗ್ತದೆ" ಅನ್ನುತ್ತಿದ್ದಳು. ಬಗ್ಗಿ ಒಂದು ಪಾತ್ರೆ ತೆಗೆದರೆ ಸಾಕು, ಹುಳಿತೇಗು. ಮಲಗಿದರಂತೂ ಕೇಳುವುದೇ ಬೇಡ.

ಯಾಕೆ ಹೀಗಾಗುತ್ತದೆ? ಗಂಟಲಿನಿಂದ ಹೊಟ್ಟೆಗೆ ಇಳಿಯುವ ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಕೊಳವೆ. ಅದು ಹೊಟ್ಟೆಗೆ ಸೇರುವ ಜಾಗದಲ್ಲಿ ಸ್ನಾಯುವಿನ ಒಂದು ಉಂಗುರ ಉಂಟು. ತಿಂದದ್ದು ಕೆಳಗೆ ಇಳಿದ ಮೇಲೆ ಅದು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ, ಹೊಟ್ಟೆಯ ಆಮ್ಲ ಮೇಲೆ ಬರದ ಹಾಗೆ ತಡೆಯುತ್ತದೆ. ಬಸುರಿಯಲ್ಲಿ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನು ತುಂಬ ಏರುತ್ತದೆ. ಗರ್ಭಕೋಶ ಹೊತ್ತಿಗೆ ಮೊದಲೇ ಹಿಂಡದೆ ಸಡಿಲವಾಗಿ ಇರಬೇಕಲ್ಲ, ಅದಕ್ಕೆ ಈ ಹಾರ್ಮೋನು ಬೇಕೇಬೇಕು. ಆದರೆ ಅದು ಗರ್ಭಕೋಶವನ್ನು ಮಾತ್ರ ಸಡಿಲ ಮಾಡಿ ಸುಮ್ಮನಿರುವುದಿಲ್ಲ. ಈ ಉಂಗುರವೂ ಸಡಿಲವಾಗುತ್ತದೆ. ಕರುಳಿನ ಓಟವೂ ನಿಧಾನವಾಗುತ್ತದೆ. ಬಸುರಿಯರಿಗೆ ಮಲಬದ್ಧತೆ ಬರುವುದೂ ಇದೇ ಕಾರಣಕ್ಕೆ. ಅದರ ಮೇಲೆ ಮಗು ಬೆಳೆದ ಹಾಗೆ ಗರ್ಭಕೋಶ ಕೆಳಗಿನಿಂದ ಹೊಟ್ಟೆಯನ್ನು ಒತ್ತುತ್ತದೆ. 36 ವಾರದ ಹೊತ್ತಿಗೆ ಅದರ ತುದಿ ಎದೆಮೂಳೆಯ ಕೆಳಗಿನ ತನಕ ಬಂದಿರುತ್ತದೆ. ಹೊಟ್ಟೆಗೆ ಉಳಿಯುವ ಜಾಗ ಎಷ್ಟು? ಕೊನೆಯ ವಾರಗಳಲ್ಲಿ ಮಗುವಿನ ತಲೆ ಕೆಳಗೆ ಇಳಿದಾಗ ಕೆಲವರಿಗೆ ಉರಿ ತಾನಾಗಿ ಕಡಿಮೆಯಾಗುವುದೂ ಅದಕ್ಕೇ.

ಅಂದರೆ ಇದು ಅವಳು ಏನೋ ತಪ್ಪು ತಿಂದದ್ದರಿಂದ ಬಂದದ್ದಲ್ಲ. ಇದನ್ನು ಅಮ್ಮನಿಗೆ ವಿವರಿಸಿ ಹೇಳಿದ ಮೇಲೆ ಮನೆಯಲ್ಲಿ ಅರ್ಧ ನೆಮ್ಮದಿಯಾಯಿತು. ಅಲ್ಲಿಯ ತನಕ ತಂಗಿ ತಟ್ಟೆ ದೂಡಿದಾಗಲೆಲ್ಲ ಅಮ್ಮನಿಗೆ ಬೇಸರ. "ಎಂತ ಮಗಳೇ, ನನ್ನ ಕೈ ಅಡುಗೆ ಸೇರುದಿಲ್ವಾ ನಿಂಗೆ?" ಅಂತ ಕೇಳುತ್ತಿದ್ದರು. ತಂಗಿ ಬೇಡ ಅನ್ನಲಾಗದೆ ತಿನ್ನುತ್ತಿದ್ದಳು, ರಾತ್ರಿ ಅನುಭವಿಸುತ್ತಿದ್ದಳು.

ಬಯಕೆ ಸಮ್ಮಾನದ ದಿನ ಇದು ಎದ್ದು ಕಂಡಿತು. ಬಾಳೆಎಲೆ ತುಂಬ ಬಗೆಬಗೆಯ ತಿಂಡಿ. ಹೋಳಿಗೆ, ಚಕ್ಕುಲಿ, ಅಂಬಡೆ, ಪತ್ರೊಡೆ. ಬಂದ ಚಿಕ್ಕಮ್ಮ, ದೊಡ್ಡಮ್ಮ, ಅತ್ತೆಯಂದಿರೆಲ್ಲ ಒಂದೊಂದು ತುತ್ತು ಬಾಯಿಗೆ ಇಡುವವರೇ. "ಎರಡು ಜೀವ ಉಂಟಲ್ಲ, ತಿನ್ನು ಮಾರಾಯ್ತಿ." ಬೇಡ ಅಂದರೆ ಅಪಶಕುನ ಅನ್ನುವ ಹಾಗೆ. ಆ ಸಂಜೆ ಅವಳು ಕೂತಲ್ಲಿಂದ ಏಳಲಿಲ್ಲ. ಎದೆ ಹಿಡಿದುಕೊಂಡು, ಬಂದವರಿಗೆಲ್ಲ ನಗುಮುಖ ತೋರಿಸುತ್ತಾ ಕೂತಿದ್ದಳು.

ಎರಡು ಜೀವ ಅನ್ನುವುದು ನಿಜ. ಆದರೆ ಎರಡು ಹೊಟ್ಟೆ ಇಲ್ಲವಲ್ಲ. ನಮ್ಮ ದೇಶದ ಪೌಷ್ಟಿಕಾಂಶ ಸಂಸ್ಥೆಯ ಲೆಕ್ಕದಲ್ಲಿ ಬಸುರಿಗೆ ಮಾಮೂಲಿಗಿಂತ ಜಾಸ್ತಿ ಬೇಕಾದದ್ದು ದಿನಕ್ಕೆ 350 ಕ್ಯಾಲರಿ. ಎರಡು ಲೋಟ ಹಾಲು, ಒಂದು ಸಣ್ಣ ಬಾಳೆಹಣ್ಣು ಅಂದರೆ ಹೆಚ್ಚುಕಮ್ಮಿ ಅಷ್ಟಾಯಿತು. ಎರಡನೇ ಸಲ ಬಡಿಸುವ ಅನ್ನದ ರಾಶಿ ಅಲ್ಲ. ಬಸುರಿಗೆ ಬೇಕಾದದ್ದು ಒಳ್ಳೆಯ ಆಹಾರ, ಸ್ವಲ್ಪ ಸ್ವಲ್ಪವೇ, ದಿನವಿಡೀ ಹಂಚಿಕೊಂಡು. ಹೊಟ್ಟೆ ಬಿರಿಯುವ ಹಾಗೆ ಒಂದೇ ಸಲ ಉಂಡರೆ ಆ ಸಡಿಲವಾದ ಉಂಗುರದ ಮೇಲೆ ಒತ್ತಡ ಬೀಳದೆ ಇರುತ್ತದಾ?

ಹಾಗಾಗಿ ನಾವು ಮೊದಲು ಬದಲಾಯಿಸಿದ್ದು ಅಡುಗೆಯನ್ನಲ್ಲ, ಹೊತ್ತನ್ನು. ನಮ್ಮ ಮನೆಯಲ್ಲಿ ರಾತ್ರಿ ಊಟ ಅಂದರೆ ಒಂಬತ್ತೂವರೆ. ಉಂಡು ಕೈತೊಳೆದು ನೇರ ಹಾಸಿಗೆಗೆ. ತಂಗಿಗೆ ಮಾತ್ರ ಏಳು ಗಂಟೆಗೇ ಊಟ ಕೊಡಲು ಶುರು ಮಾಡಿದೆವು. ಮಲಗುವ ಮೂರು ಗಂಟೆ ಮೊದಲು ಉಂಡು ಮುಗಿಸಬೇಕು ಅಂತ ಡಾಕ್ಟರು ಹೇಳಿದ್ದರು. ಮೊದಲ ಎರಡು ದಿನ ಒಬ್ಬಳೇ ಕೂತು ಉಣ್ಣಲು ಅವಳಿಗೆ ಮುಜುಗರವಾಯಿತು. ಆಮೇಲೆ ಅಪ್ಪನೂ ಅವಳ ಜೊತೆ ಏಳಕ್ಕೇ ಕೂರಲು ಶುರು ಮಾಡಿದರು. ಅಪ್ಪ ಹಾಗೆ ಕೂತದ್ದು ಎಷ್ಟು ದೊಡ್ಡ ಸಹಾಯ ಅಂತ ಬಸುರಿಯರಿಗೆ ಮಾತ್ರ ಗೊತ್ತಾಗಬಹುದು.

ರಾತ್ರಿಗೆ ಹೆಚ್ಚಾಗಿ ಕುಚ್ಚಲಕ್ಕಿ ಗಂಜಿ, ಸ್ವಲ್ಪ ತುಪ್ಪ, ಹೆಸರುಬೇಳೆಯ ಅಥವಾ ತರಕಾರಿಯ ಸಪ್ಪೆ ಪಲ್ಯ. ಮೆಣಸು, ಹುಳಿ, ಎಣ್ಣೆಯಲ್ಲಿ ಕರಿದದ್ದು ಏನಿದ್ದರೂ ಮಧ್ಯಾಹ್ನಕ್ಕೆ. ಆಟಿಯ ಮಳೆಯಲ್ಲಿ ಹಲಸಿನ ಹಪ್ಪಳ ಕರಿಯದ ಮನೆ ಉಂಟಾ? ಅವಳಿಗೆ ಕೆಂಡದಲ್ಲಿ ಸುಟ್ಟುಕೊಟ್ಟೆವು. ಉಣ್ಣುವಾಗ ಲೋಟಗಟ್ಟಲೆ ನೀರು ಕುಡಿಯುವ ಅಭ್ಯಾಸ ಅವಳಿಗಿತ್ತು. ಅದನ್ನು ಬಿಟ್ಟು ಊಟಗಳ ನಡುವೆ ಗುಟುಕು ಗುಟುಕಾಗಿ ಕುಡಿಯಲು ಹೇಳಿದೆವು. ಬೆಚ್ಚಗಿನ ಜೀರಿಗೆ ನೀರು ಅವಳಿಗೆ ಹಿತವಾಗುತ್ತಿತ್ತು. ಅದು ಔಷಧ ಅಂತ ನಾನು ಹೇಳುವುದಿಲ್ಲ, ಆದರೆ ಕುಡಿದರೆ ಹಾಯೆನಿಸುವುದನ್ನು ಯಾಕೆ ಬೇಡ ಅನ್ನಬೇಕು? ತಣ್ಣಗಿನ ಹಾಲು ಸ್ವಲ್ಪ ಹೊತ್ತು ಉರಿ ತಗ್ಗಿಸುತ್ತಿತ್ತು, ಆಮೇಲೆ ಮತ್ತೆ ಶುರು.

ಹುಳಿಯ ವಿಷಯದಲ್ಲಿ ಎಲ್ಲರಿಗೂ ಒಂದೇ ಪಟ್ಟಿ ಕೊಡಲು ಆಗುವುದಿಲ್ಲ. ಪುನರ್ಪುಳಿ ಸಾರು ಪಿತ್ತಕ್ಕೆ ಒಳ್ಳೆಯದು ಅಂತ ನಮ್ಮಲ್ಲಿ ನಂಬಿಕೆ. ತಂಗಿಗೆ ಮಾತ್ರ ಅದನ್ನು ಕುಡಿದ ದಿನ ಉರಿ ಜಾಸ್ತಿಯೇ ಆಯಿತು. ಹುಣಸೆಹುಳಿ ಹಾಕಿದ ಪತ್ರೊಡೆಯೂ ಹಾಗೆಯೇ. ಆದರೆ ಮಜ್ಜಿಗೆಯ ಮೇಲಾರ, ಸಿಹಿ ಮಜ್ಜಿಗೆ ಹಾಕಿದ ತಂಬುಳಿ ಏನೂ ಮಾಡಲಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದೊಳಗೆ ಅವಳು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದಳು: ಏನು ತಿಂದೆ, ಉರಿ ಬಂತಾ ಇಲ್ವಾ. ಕೆಲವು ವಾರದಲ್ಲಿ ಅವಳ ಹೊಟ್ಟೆಯ ರೀತಿ ಅವಳಿಗೇ ತಿಳಿಯಿತು. ಬೆಳಗ್ಗಿನ ಖಾಲಿ ಹೊಟ್ಟೆಯ ಕಾಪಿ ಮೊದಲ ಅಪರಾಧಿ. ಕಾಪಿ, ಚಾಯ ಎಲ್ಲ ಸೇರಿ ಬಸುರಿಗೆ ದಿನಕ್ಕೆ 200 ಮಿಲಿಗ್ರಾಮಿಗಿಂತ ಜಾಸ್ತಿ ಕೆಫೀನ್ ಆಗಬಾರದು ಅಂತಲೂ ಹೇಳುತ್ತಾರೆ. ಹಾಗಾಗಿ ಬೆಳಗ್ಗೆ ಎರಡು ದೋಸೆಯ ನಂತರ ಒಂದು ಸಣ್ಣ ಲೋಟ, ಅಷ್ಟೇ. ಮಿಡಿ ಉಪ್ಪಿನಕಾಯಿ ಅವಳ ದೊಡ್ಡ ಆಸೆ. ಅದನ್ನು ಪೂರ್ತಿ ಕಸಿದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಮಧ್ಯಾಹ್ನ ಮೊಸರನ್ನದ ಜೊತೆ ಒಂದು ಚೂರು ಮಿಡಿ ತಿಂದು ಅರ್ಧ ಗಂಟೆ ಚಾವಡಿಯಲ್ಲಿ ಅತ್ತಿತ್ತ ನಡೆದರೆ ತೊಂದರೆ ಇರುತ್ತಿರಲಿಲ್ಲ.

ಮಂಚದ ಕೆಲಸ ಅಪ್ಪ ಮಾಡಿದ್ದು. ತಲೆಗೆ ಎರಡು ಮೂರು ದಿಂಬು ಕೊಟ್ಟರೆ ಸಾಕು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಹಾಗೆ ಮಾಡಿದರೆ ಕುತ್ತಿಗೆ, ಸೊಂಟ ಮಡಚಿ ಹೊಟ್ಟೆಗೆ ಇನ್ನೂ ಒತ್ತು ಬೀಳುತ್ತದೆ. ಎತ್ತರ ಆಗಬೇಕಾದದ್ದು ಮಂಚದ ತಲೆಯ ಕಡೆ. ಎದೆಯಿಂದ ತಲೆಯ ತನಕ ಇಡೀ ಮೈ ಇಳಿಜಾರಾಗಿ ಇರಬೇಕು. ಹಳೆಯ ಹಲಸಿನ ಹಲಗೆಯೊಂದು ಕೊಟ್ಟಿಗೆಯ ಅಟ್ಟದಲ್ಲಿತ್ತು. ಅಪ್ಪ ಅದನ್ನು ಕುಯ್ದು, ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಮೊಳೆ ಹೊಡೆದರು. ಸುಮಾರು ಆರು ಇಂಚು ಎತ್ತರದ ಎರಡು ಕಟ್ಟೆ. ಮಂಚದ ಕಾಲು ಜಾರದ ಹಾಗೆ ಉಳಿಯಿಂದ ಮೇಲ್ಗಡೆ ಒಂದೊಂದು ಕುಳಿ ತೋಡಿದರು. ತಲೆಯ ಕಡೆಯ ಎರಡು ಕಾಲು ಅದರೊಳಗೆ ಕೂತಿತು. ಮಂಚ ಅಲುಗಾಡುತ್ತದಾ ಅಂತ ತಾವೇ ಮಲಗಿ, ಹೊರಳಿ ನೋಡಿದರು. ಇಡೀ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಕಾಸು ಖರ್ಚಿಲ್ಲ. ಅವಳಿಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಅದೇ ಅಂತ ನನ್ನ ಅಭಿಪ್ರಾಯ.

ಜೊತೆಗೆ ಎಡ ಮಗ್ಗುಲಲ್ಲಿ ಮಲಗುವುದು. ಹೊಟ್ಟೆ, ಅಂದರೆ ಜಠರ, ಇರುವುದು ದೇಹದ ಎಡಗಡೆ. ಎಡಕ್ಕೆ ಮಲಗಿದಾಗ ಅನ್ನನಾಳ ಸೇರುವ ಜಾಗ ಆಮ್ಲದ ಮಟ್ಟಕ್ಕಿಂತ ಮೇಲೆ ಉಳಿಯುತ್ತದೆ. ಬಲಕ್ಕೆ ಹೊರಳಿದರೆ ಅದು ಕೆಳಗಾಗುತ್ತದೆ, ಆಮ್ಲ ಸುಲಭವಾಗಿ ಹರಿದು ಬರುತ್ತದೆ. ಕೊನೆಯ ತಿಂಗಳುಗಳಲ್ಲಿ ಅಂಗಾತ ಮಲಗಬೇಡಿ, ಮಗ್ಗುಲಾಗಿ ಮಲಗಿ ಅಂತ ಹೇಗೂ ಹೇಳುತ್ತಾರಲ್ಲ, ಮಗುವಿಗೆ ರಕ್ತ ಸರಿಯಾಗಿ ಹೋಗಲಿ ಅಂತ. ಎಡಕ್ಕೆ ಮಲಗಿದರೆ ಎರಡಕ್ಕೂ ಆಯಿತು.

ಇನ್ನು ಮನೆಮದ್ದು. ಬಂದವರೆಲ್ಲ ಒಂದೊಂದು ಹೇಳಿ ಹೋಗುತ್ತಾರೆ. ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಅಡುಗೆ ಸೋಡಾ ನೀರಿಗೆ ಹಾಕಿ ಕುಡಿಯುವುದು, ಈನೋದಂಥ ನೊರೆ ಬರುವ ಪುಡಿ ಕುಡಿಯುವುದು ಬಸುರಿಗೆ ಬೇಡ. ಅದರಲ್ಲಿ ಸೋಡಿಯಂ ಜಾಸ್ತಿ. ಮೈಯಲ್ಲಿ ನೀರು ನಿಲ್ಲುತ್ತದೆ, ರಕ್ತದ ಆಮ್ಲ ಕ್ಷಾರದ ಹದ ತಪ್ಪಬಹುದು. ಅತಿಮಧುರದ ಕಷಾಯವನ್ನೂ ಕೆಲವರು ಹೇಳುತ್ತಾರೆ. ಅದು ಜಾಸ್ತಿಯಾದರೆ ಬಿಪಿ ಏರಿಸುತ್ತದೆ. ಫಿನ್ಲೆಂಡಿನಲ್ಲಿ ಬಸುರಿಯರು ಅದನ್ನು ಹೆಚ್ಚು ತಿನ್ನಬಾರದು ಅಂತ ಅಧಿಕೃತವಾಗಿಯೇ ಹೇಳಿದ್ದಾರೆ. ಗಿಡಮೂಲಿಕೆ ಅಂದ ಕೂಡಲೇ ತೊಂದರೆ ಇಲ್ಲ ಅಂತ ಅಲ್ಲ. ಅಜ್ಜಿಯರ ಮದ್ದಿನ ಬಗ್ಗೆ ನನಗೆ ತುಂಬ ಗೌರವ ಉಂಟು. ಆದರೆ ಬಸುರಿಯ ವಿಷಯದಲ್ಲಿ ಡಾಕ್ಟರರ ಹತ್ತಿರ ಒಂದು ಮಾತು ಕೇಳದೆ ಏನನ್ನೂ ಕೊಡಬಾರದು.

ಕೂದಲಿನ ಮಾತಿಗೂ ಒಂದು ಕತೆ ಉಂಟು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು ಇದನ್ನು ಸುಳ್ಳು ಅಂತ ತೋರಿಸಲು 64 ಬಸುರಿಯರನ್ನು ಗಮನಿಸಿದರು. 2006ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಉರಿ ಮಧ್ಯಮ ಅಥವಾ ಜೋರಾಗಿದ್ದ 28 ಹೆಂಗಸರಲ್ಲಿ 23 ಮಂದಿಯ ಮಕ್ಕಳಿಗೆ ಸಾಧಾರಣ ಅಥವಾ ಅದಕ್ಕಿಂತ ಜಾಸ್ತಿ ಕೂದಲಿತ್ತು. ಅದೇ ಹಾರ್ಮೋನುಗಳು ಎರಡಕ್ಕೂ ಕಾರಣ ಇರಬಹುದು ಅಂದರು. ಸಣ್ಣ ಅಧ್ಯಯನ, ಇದರಿಂದ ಯಾರಿಗೂ ಏನೂ ಖಾತ್ರಿ ಹೇಳಲಾಗದು. ಆದರೂ ಕೇಳಿ ಅಮ್ಮನಿಗೆ ಖುಷಿಯಾಯಿತು. ನನಗೆ ಬೇಸರ ಇರುವುದು ಆ ಮಾತು ಸುಳ್ಳೋ ನಿಜವೋ ಅಂತಲ್ಲ. ಆ ಮಾತು ಹೇಳಿದ ಮೇಲೆ ಯಾರೂ "ನಿದ್ದೆ ಬರ್ತದಾ ನಿಂಗೆ?" ಅಂತ ಕೇಳುವುದಿಲ್ಲವಲ್ಲ, ಅದಕ್ಕೆ.

ತಂಗಿ ಡಾಕ್ಟರರಿಗೂ ಹೇಳಿರಲಿಲ್ಲ. ತಿಂಗಳ ಚೆಕಪ್‌ಗೆ ಮಂಗಳೂರಿಗೆ ಹೋಗುತ್ತಿದ್ದೆವು. ನಮ್ಮ ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್. ಬೆಳಗ್ಗೆ ಬೇಗ ತಿಂಡಿ ತಿಂದು ಬಸ್ಸು ಹತ್ತಿ, ಕುಲುಕಾಡಿ, ಅಲ್ಲಿ ಟೋಕನ್ ಹಿಡಿದು ಕಾದು, ಒಳಗೆ ಹೋದ ಮೇಲೆ ಸಿಗುವುದು ಐದು ನಿಮಿಷ. ತೂಕ, ಬಿಪಿ, ಮಗುವಿನ ಎದೆಬಡಿತ, ಸ್ಕ್ಯಾನ್. ಅಷ್ಟರಲ್ಲಿ "ಎದೆ ಉರಿಯುತ್ತದೆ" ಅನ್ನುವುದು ಹೇಳುವಂಥ ವಿಷಯ ಅಂತ ಅವಳಿಗೆ ಅನಿಸಿಯೇ ಇರಲಿಲ್ಲ. ಎಲ್ಲರಿಗೂ ಆಗುವುದಲ್ವಾ ಅಂತ. ಆ ಸಲ ನಾನೇ ಹೇಳಿದೆ. ಡಾಕ್ಟರು ತಲೆ ಎತ್ತಿ, "ರಾತ್ರಿ ಎಷ್ಟು ಸಲ ಏಳ್ತೀಯಮ್ಮ?" ಅಂತ ಅವಳನ್ನೇ ಕೇಳಿದರು. ಅವಳು ಹೇಳುತ್ತಾ ಹೋದಳು. ಔಷಧ ಬರೆದರು. ಅಷ್ಟು ಸರಳ.

ಔಷಧದ ವಿಷಯದಲ್ಲಿ ಒಂದು ಸೂಕ್ಷ್ಮ ಉಂಟು, ಅದನ್ನು ಎಲ್ಲರೂ ತಿಳಿದಿರಬೇಕು. ಬಸುರಿಯರಿಗೆ ಸರಕಾರದಿಂದ ಸಿಗುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ, ಜೊತೆಗೆ ಫೋಲಿಕ್ ಆಸಿಡ್. ಕನಿಷ್ಠ 180 ದಿನ ನುಂಗಬೇಕು. ಅದಲ್ಲದೆ 500 ಮಿಲಿಗ್ರಾಮಿನ ಕ್ಯಾಲ್ಸಿಯಂ ಮಾತ್ರೆ ದಿನಕ್ಕೆ ಎರಡು. ಕ್ಯಾಲ್ಸಿಯಂ ಜೊತೆ ಕಬ್ಬಿಣ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಉರಿಗೆ ಕೊಡುವ ಆಂಟಾಸಿಡ್ ಕೂಡ ಹಾಗೆಯೇ. ನಡುವೆ ಎರಡು ಗಂಟೆಯಾದರೂ ಬಿಡಬೇಕು. ಅಮ್ಮ ಪ್ರೀತಿಯಿಂದ ಎಲ್ಲ ಮಾತ್ರೆಯನ್ನೂ ಒಂದೇ ಬಟ್ಟಲಿನಲ್ಲಿ ಹಾಕಿ ಊಟದ ನಂತರ ಕೊಡುತ್ತಿದ್ದರು. ಎಷ್ಟು ಮನೆಗಳಲ್ಲಿ ಹೀಗೆ ಆಗುತ್ತಿರಬಹುದು! ಕೆಂಪು ಮಾತ್ರೆಯಿಂದಲೇ ಹೊಟ್ಟೆ ಉರಿಯುತ್ತದೆ ಅಂತ ಗುಟ್ಟಾಗಿ ಬಿಟ್ಟುಬಿಡುವವರೂ ಇದ್ದಾರೆ. ಬಿಡಬೇಡಿ. ಹೊತ್ತು ಬದಲಾಯಿಸಲು, ಬೇರೆ ಬಗೆಯದ್ದು ಕೊಡಲು ಡಾಕ್ಟರರಿಗೆ ಗೊತ್ತಿರುತ್ತದೆ. ರಕ್ತ ಕಡಿಮೆಯಾಗಿ ಹೆರಿಗೆಗೆ ಹೋಗುವುದು ಎದೆಯುರಿಗಿಂತ ಎಷ್ಟೋ ಅಪಾಯ.

ಆಂಟಾಸಿಡ್‌ಗಳಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವಂಥವನ್ನು ಬಸುರಿಯರಿಗೆ ಸಾಮಾನ್ಯವಾಗಿ ಕೊಡುತ್ತಾರೆ. ಸಮುದ್ರದ ಪಾಚಿಯಿಂದ ತೆಗೆದ ಆಲ್ಜಿನೇಟ್ ಇರುವ ದ್ರವವೂ ಉಂಟು, ಅದು ಹೊಟ್ಟೆಯಲ್ಲಿರುವುದರ ಮೇಲೆ ತೇಲಿ ಆಮ್ಲ ಮೇಲೆ ಬರದ ಹಾಗೆ ತಡೆಯುತ್ತದೆ. ಅದರಲ್ಲಿಯೂ ತಗ್ಗದಿದ್ದರೆ ಫಾಮೊಟಿಡಿನ್, ಒಮೆಪ್ರಜೋಲ್‌ನಂಥ ಮಾತ್ರೆ ಡಾಕ್ಟರೇ ಬರೆದುಕೊಡುತ್ತಾರೆ. ಮನೆಯ ಡಬ್ಬಿಯಲ್ಲಿ ಉಳಿದ ಹಳೆಯ ರಾನಿಟಿಡಿನ್ ಹುಡುಕಿ ಕೊಡುವುದು ಬೇಡ. ಅದನ್ನು 2020ರಲ್ಲಿ ಅಮೆರಿಕದ ಪೇಟೆಯಿಂದ ಹಿಂದಕ್ಕೆ ತೆಗೆದರು. 2022ರಲ್ಲಿ ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಿಂದಲೂ ಕೈಬಿಟ್ಟರು.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ವಿಷಯ. ಎದೆಯುರಿ ಅಂದುಕೊಂಡದ್ದೆಲ್ಲ ಎದೆಯುರಿ ಆಗಿರಬೇಕಾಗಿಲ್ಲ. 20 ವಾರದ ನಂತರ ಬಸುರಿಯರಲ್ಲಿ ಬಿಪಿ ಏರುವ ಒಂದು ಕಾಯಿಲೆ ಉಂಟು, ಪ್ರೀಎಕ್ಲಾಂಪ್ಸಿಯಾ ಅನ್ನುತ್ತಾರೆ. ಅದರಲ್ಲಿ ಪಿತ್ತಜನಕಾಂಗ, ಅಂದರೆ ಲಿವರ್, ಊದಿಕೊಂಡು ಎದೆಗುಂಡಿಯಲ್ಲಿ ಅಥವಾ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬರಬಹುದು. "ಗ್ಯಾಸ್" ಅಂತ ಸುಮ್ಮನೆ ಮಲಗಿಸಿಬಿಡುವುದು ಇದನ್ನೇ. ಆ ನೋವಿನ ಜೊತೆ ಜೋರು ತಲೆನೋವು, ಕಣ್ಣು ಮಂಜಾಗುವುದು, ಕಣ್ಣೆದುರು ಮಿಂಚಿದ ಹಾಗೆ ಆಗುವುದು, ಮುಖ ಮತ್ತು ಕೈ ಒಮ್ಮೆಲೇ ಬಾತುಕೊಳ್ಳುವುದು ಇದ್ದರೆ ಬೆಳಗಾಗಲಿ ಅಂತ ಕಾಯಬಾರದು. ಬಿಪಿ 140/90 ಅಥವಾ ಅದಕ್ಕಿಂತ ಮೇಲಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ರಕ್ತವಾಂತಿ, ನುಂಗಲಾಗದ ಹಾಗೆ ಗಂಟಲು ಹಿಡಿಯುವುದು, ಎದೆನೋವು ತೋಳಿಗೆ ಹರಡುವುದು, ಇವೂ ಅದೇ ಲೆಕ್ಕ.

ಒಂದು ರಾತ್ರಿ ತಂಗಿ ನನ್ನನ್ನು ಎಬ್ಬಿಸಿದಳು. "ಅಕ್ಕ, ಇದು ಉರಿ ಅಲ್ಲ. ಇಲ್ಲಿ ನೋವು" ಅಂತ ಬಲಗಡೆ ಕೈ ಇಟ್ಟು ತೋರಿಸಿದಳು. ತಲೆಯೂ ನೋಯುತ್ತಿತ್ತು. ಹೊರಗೆ ಮಳೆ ಹೊಯ್ಯುತ್ತಿತ್ತು. ಪಕ್ಕದ ಮನೆಯವರ ಜೀಪಿನಲ್ಲಿ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬಿಪಿ ನೋಡಿದರು, ಮೂತ್ರದಲ್ಲಿ ಪ್ರೋಟೀನ್ ಉಂಟಾ ಅಂತ ನೋಡಿದರು, ರಕ್ತಕ್ಕೂ ಕೊಟ್ಟೆವು. ಎಲ್ಲ ಸರಿ ಇತ್ತು. ಮಗು ಆ ಕಡೆಗೆ ಕಾಲು ಚಾಚಿ ಒತ್ತುತ್ತಿದೆ ಅಂದರು. ಸುಮ್ನೆ ತೊಂದರೆ ಕೊಟ್ಟೆವಾ ಅಂತ ಅಮ್ಮ ಕೇಳಿದ್ದಕ್ಕೆ ಡ್ಯೂಟಿಯ ಡಾಕ್ಟರು, "ಹೀಗೆ ಬಂದು ಏನೂ ಇಲ್ಲ ಅಂತ ಹೋಗುವುದೇ ನಮಗೆ ಬೇಕಾದದ್ದು" ಅಂದರು.

ಆ ರಾತ್ರಿ ನಮಗೆ ಈ ಲಕ್ಷಣಗಳು ಗೊತ್ತಿದ್ದವು. ಗೊತ್ತಿದ್ದದ್ದು ಹೇಗೆ? ತಂಗಿಯ ಹತ್ತಿರ ಎರಡು ಪುಸ್ತಕ ಇತ್ತು. ಪುತ್ತೂರಿನಲ್ಲಿ ಕೊಟ್ಟ ತಾಯಿ ಕಾರ್ಡ್ ಕನ್ನಡದಲ್ಲಿ. ಇಲ್ಲಿ ಬಂದ ಮೇಲೆ ಸಿಕ್ಕಿದ್ದು ಮಲಯಾಳದಲ್ಲಿ. ಇಲ್ಲಿನ ಆಶಾ ಕಾರ್ಯಕರ್ತೆ ತುಂಬ ಒಳ್ಳೆಯವರು, ಮಳೆಯಲ್ಲಿ ತೋಟ ದಾಟಿ ಮನೆಗೇ ಬಂದು ವಿಚಾರಿಸುತ್ತಿದ್ದರು, ನಮ್ಮ ಜೊತೆ ತುಳುವಿನಲ್ಲೇ ಮಾತಾಡುತ್ತಿದ್ದರು. ಆದರೆ ಅಚ್ಚಾದ ಹಾಳೆಯ ಮೇಲೆ ಅಪಾಯದ ಲಕ್ಷಣಗಳು ಇದ್ದದ್ದು ಅಮ್ಮನಿಗೆ ಓದಲು ಬಾರದ ಲಿಪಿಯಲ್ಲಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆಮೇಲೆ ಹುಟ್ಟಿ, ಕನ್ನಡ ಶಾಲೆಯಲ್ಲೇ ಓದಿದ ಅಮ್ಮನಂಥ ಸಾವಿರಾರು ಹೆಂಗಸರು ಇಲ್ಲಿ ಇದ್ದಾರೆ. ಮಗಳ ಪಕ್ಕ ರಾತ್ರಿ ಮಲಗುವವರು ಅವರು. ಮೊದಲು "ಅಮ್ಮಾ" ಅಂತ ಕರೆಯುವುದು ಅವರನ್ನು. ಇಂಥ ಹಾಳೆ ಇಲ್ಲಿನ ಆಸ್ಪತ್ರೆಗಳಲ್ಲಿ ಕನ್ನಡದಲ್ಲೂ ಸಿಗಬೇಕು. ಇದು ಹೆಮ್ಮೆಯ ಪ್ರಶ್ನೆ ಅಲ್ಲ, ಜೀವದ ಪ್ರಶ್ನೆ.

ನಾನು ತಾಯಿ ಕಾರ್ಡ್ ನೋಡಿಕೊಂಡು, ಡಾಕ್ಟರರ ಹತ್ತಿರ ಕೇಳಿ, ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೆ. ಮೇಲ್ಗಡೆ ಮಾತ್ರೆಗಳ ಹೊತ್ತು. ಕೆಳಗೆ ಯಾವ ನೋವು ಬಂದರೆ ಕಾಯಬಾರದು ಅಂತ. ಅದರ ಕೆಳಗೆ ಜೀಪಿನವರ ಫೋನ್ ನಂಬರ್, ಆಂಬುಲೆನ್ಸಿನ 108. ಅದನ್ನು ನಕಲು ಮಾಡಿ ನೆರೆಮನೆಯ ಬಸುರಿಗೂ ಕೊಟ್ಟೆ. ನೀವೂ ಬರೆದು ಅಂಟಿಸಿ. ಮುಂದಿನ ಚೆಕಪ್‌ಗೆ ಹೋಗುವಾಗ ಉರಿ ಯಾವಾಗ ಬರುತ್ತದೆ, ಎಲ್ಲಿ, ಏನು ತಿಂದರೆ, ನಿದ್ದೆ ಎಷ್ಟು ಕೆಡುತ್ತದೆ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಐದೇ ನಿಮಿಷ ಸಿಕ್ಕಿದರೂ ಚೀಟಿ ಓದಲು ಅರ್ಧ ನಿಮಿಷ ಸಾಕು.

ಹೆರಿಗೆಯಾದ ಮೇಲೆ ತಂಗಿಯ ಉರಿ ಬೇಗನೇ ಹೋಯಿತು. ಹೆಚ್ಚಿನವರಿಗೆ ಹಾಗೆಯೇ ಆಗುವುದು, ಹಾರ್ಮೋನು ಇಳಿಯುತ್ತದೆ, ಹೊಟ್ಟೆಗೆ ಮೊದಲಿನ ಜಾಗ ಸಿಗುತ್ತದೆ. ಆದರೆ ಬಾಣಂತನದ ಅಡುಗೆ ಅಂದರೆ ಒಳ್ಳೆಮೆಣಸು, ಶುಂಠಿ, ಬೆಳ್ಳುಳ್ಳಿ, ತುಪ್ಪ. ಉರಿ ಇನ್ನೂ ಉಳಿದಿರುವ ಬಾಣಂತಿಗೆ ಅದು ಕಷ್ಟ. ಅಮ್ಮ ಮೊದಲ ಕೆಲವು ದಿನ ಒಳ್ಳೆಮೆಣಸು ಕಡಿಮೆ ಹಾಕಿ, ತಂಗಿಯನ್ನು ಕೇಳಿಕೊಂಡೇ ಜಾಸ್ತಿ ಮಾಡಿದರು. ಹೆರಿಗೆಯಾಗಿ ಕೆಲವು ವಾರ ಕಳೆದರೂ ಉರಿ ಹಾಗೆಯೇ ಇದ್ದರೆ ಅದಕ್ಕೆ ಬೇರೆ ಕಾರಣ ಇರಬಹುದು, ಮತ್ತೆ ಡಾಕ್ಟರರಿಗೆ ತೋರಿಸಬೇಕು. ಹಾಲೂಡಿಸುತ್ತಿದ್ದೇನೆ ಅಂತಲೂ ಆಗ ಹೇಳಿ. ಹಾಲೂಡಿಸುವಾಗ ಕೊಡಬಹುದಾದ ಔಷಧಗಳೂ ಇವೆ.